ಗುಡ್ಡದ ಗಾಳಿ, ಸೋಲೂರಿನ ಬಿಸಿಲು

ರಾಮನಗರದ ರೇಷ್ಮೆ ರೀಲರ್ ಒಬ್ಬರ ಮಗಳು ಅತಿಯಾ, ವಿದ್ಯುತ್ ಕಂಪನಿಯೊಂದರಲ್ಲಿ ಎಂಜಿನಿಯರ್. ಕಬ್ಬಾಳಿನಾಚೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವುದೋ, ಸೋಲೂರಿನ ಬೀಳು ನೆಲದಲ್ಲಿ ಸೋಲಾರ್ ಹಾಕುವುದೋ ಎಂದು ತೂಗಿನೋಡಿ ಹೇಳುವ ಕೆಲಸ ಅವಳದು. ಗುಡ್ಡದಲ್ಲಿ ಗಾಳಿ ಅಳೆಯುವ ಕಂಬ ನೆಟ್ಟು ಒಂದು ಮಳೆಗಾಲ ಕಳೆದಿತ್ತು. ಅಲ್ಲಿಂದ ಬರುತ್ತಿದ್ದ ಅಂಕಿಗಳಿಗೆ ಮ್ಯಾನೇಜರ್ ಬಾಲರಾಜು ಆಗಲೇ ಮನಸೋತಿದ್ದರು. ಒಮ್ಮೆ ಕಣ್ಣಾರೆ ನೋಡೋಣವೆಂದು ಅವಳು ಕನಕಪುರದ ಮೆಕ್ಯಾನಿಕ್ ಜಯಕುಮಾರನ ಜೊತೆ ಗುಡ್ಡ ಹತ್ತಿದಳು.

ತುದಿ ತಲುಪಿದಾಗ ಸುಡುಬಿಸಿಲು. ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಕಂಬದ ಮೇಲೆ ಗಾಳಿಯ ವೇಗ ಅಳೆಯುವ ಬಟ್ಟಲುಗಳು ಮಾತ್ರ ಗಿರಗಿರನೆ ಸುತ್ತುತ್ತಿದ್ದವು. ದಿಕ್ಕು ತೋರುವ ಬಾಣ ಪಕ್ಕದ ಬಂಡೆಯೊಂದರ ಸೀಳಿನತ್ತ ತಿರುಗಿ, ಅರೆಗಳಿಗೆ ನಿಂತು, ಅದಕ್ಕೆ ಬೆನ್ನು ಹಾಕುತ್ತಿತ್ತು. ಮತ್ತೆ ಸೀಳಿನತ್ತ.

ಬೇರಿಂಗ್ ಕೆಟ್ಟಿರಬೇಕೆಂದು ಅದರ ಸದ್ದಿಗೆ ಕಿವಿಗೊಡಲು ಅವಳು ಉಸಿರು ಬಿಗಿಹಿಡಿದಳು. ಬಟ್ಟಲುಗಳು ನಿಂತವು. ಪಕ್ಕದಲ್ಲಿ ಜಯಕುಮಾರನ ಎದೆಯ ಏರಿಳಿತವೂ ನಿಂತಿತ್ತು, ಕಣ್ಣುಗುಡ್ಡೆ ಮೇಲೇರಿತ್ತು. ಗಾಬರಿಯಿಂದ ಅವಳು ಉಸಿರು ಬಿಟ್ಟೊಡನೆ ಬಾಣ ಹೊರಳಿತು, ಬಟ್ಟಲುಗಳು ತಿರುಗಿದವು, ಅವನು ಏದುಸಿರು ಬಿಡುತ್ತಾ ಕುಸಿದು ಕೂತ.

"ಹತ್ದಾಗ್ನಿಂದ ಹಿಂಗೇಯ, ಮೇಡಂ," ಎಂದ. "ಆ ಸೀಳು ಉಸ್ರು ಎಳ್ದಾಗ ಎಳೀತೀನಿ, ಬುಟ್ಟಾಗ ಬುಡ್ತೀನಿ."

ತಾನೂ ಹಾಗೇ ಉಸಿರಾಡುತ್ತಿದ್ದೇನೆಂದು ಅವಳಿಗೆ ಆಗ ಹೊಳೆಯಿತು. ಆ ತಾಳ ತಪ್ಪಿಸಲು ನೋಡಿದಳು, ಆಗಲಿಲ್ಲ; ಅವಳ ಉಸಿರು ಬದಲಾದಂತೆ ಬಾಣವೂ ಬದಲಾಯಿತು. ಗಾಳಿಯಂತ್ರ ಗಾಳಿಯ ಕಸುವು ಹೀರಿಯೇ ವಿದ್ಯುತ್ ಕೊಡುವುದು, ರೆಕ್ಕೆ ದಾಟಿದ ಗಾಳಿ ಸೊರಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದಳು. ಇಲ್ಲಿ ಸೊರಗುವುದು ಯಾರ ಉಸಿರು? ಇಬ್ಬರೂ ಬೇಗಬೇಗನೆ ಇಳಿದರು. ಕೆಳಗೆ ಕಬ್ಬಾಳಿನ ದೇವಸ್ಥಾನದ ರಸ್ತೆಗೆ ಬಂದ ಮೇಲೆ ಉಸಿರು ಸರಿಹೋಯಿತು ಎಂದುಕೊಂಡಳು.

ಗುಡ್ಡಕ್ಕೆ ಕ್ರೇನ್ ಹೋಗುವ ದಾರಿಯಿಲ್ಲ, ಸೋಲೂರೇ ವಾಸಿ ಎಂದು ಅವಳು ಹೇಳಿದಾಗ ಬಾಲರಾಜು ಸಿಡುಕಿದರು. ಅಷ್ಟು ಒಳ್ಳೆಯ ಗಾಳಿ ಬಿಟ್ಟು, ಸಂಜೆಯಾದರೆ ಸತ್ತುಹೋಗುವ ಬಿಸಿಲು ನಂಬಬೇಕೇ ಎಂದು ಕೇಳಿದರು. ದಾರಿ ತಾನೇ ನೋಡುತ್ತೇನೆಂದು ಮಾರನೆಯ ದಿನ ಒಬ್ಬರೇ ಹೋದರು.

ಹೋಗಿಬಂದವರೇ ಸೋಲೂರಿಗೆ ಒಪ್ಪಿಗೆ ಕೊಟ್ಟರು. ಹಾಗಾದರೆ ಕಂಬ ಬಿಚ್ಚಿ ತರಲು ಯಾರನ್ನು ಕಳಿಸುವುದು ಎಂದು ಅತಿಯಾ ಕೇಳಿದಳು.

"ಅದ್ನ ಮುಟ್ಟೋದು ಬ್ಯಾಡಮ್ಮ, ತಿರುಗ್ತಾ ಇರ್ಲಿ," ಎಂದರು ಬಾಲರಾಜು, ತಲೆಯೆತ್ತದೆ.

ಬಾಗಿಲ ಬಳಿ ಜಯಕುಮಾರ್ ನಿಂತಿದ್ದ. ಅವನ ಎದೆ ಮೆಲ್ಲಗೆ ಏರಿತು. ಬಾಲರಾಜು ಅವರದೂ ಏರಿತು, ಅವಳದೂ. ಮೂರೂ ಒಟ್ಟಿಗೆ ಇಳಿದವು.