ಹಳೆ ಸೀರೆಯ ಗಂಟು

"ನಾಯಿ ಕಟ್ಟಾಕ್ದಂಗೆ ಹೆತ್ತ ಮಗೂನ ಕಟ್ಟಾಕ್ತಿದೀಯಲ್ಲೇ! ತಾಯೇನೇ ನೀನು, ಮುಂಡೆ?"

ಓನರಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಾಚೆಯೇ ನಿಂತು ಬೈಯುತ್ತಿದ್ದಳು. ಒಳಗೆ ನಾನು ಹಳೆ ಸೀರೆಯ ತುಂಡನ್ನು ನಾಲ್ಕು ವರ್ಷದ ಮಗಳ ಕಾಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಮಂಚಕ್ಕೆ ಬಿಗಿಯುತ್ತಿದ್ದೆ. ಒಲೆ ಮುಟ್ಟಬಾರದು, ಬೀದಿಗೆ ಓಡಬಾರದು. ನೀರಿನ ಚೊಂಬು, ಬನ್ನು, ಉಚ್ಚೆಯ ಡಬ್ಬ ಮಾತ್ರ ಕೈಗೆ ಸಿಗಬೇಕು. ಅಷ್ಟೇ ಉದ್ದ ಬಿಟ್ಟಿದ್ದೆ.

"ಹಾಗಾದ್ರೆ ಸಂಜೆವರೆಗೆ ನೀವೇ ಇಟ್ಕೊಳ್ಳಿ ಅಕ್ಕ," ಅಂದೆ.

"ಅಯ್ಯೋ, ಸಾಯೋರ ವಾರ್ಡಿಂದ ಬರೋಳು ನೀನು. ನಿನ್ನ ಮಗೂನ ನಾನು ಮುಟ್ಲಾ?" ಅವಳು ಬೈಯುತ್ತಲೇ ಮೆಟ್ಟಿಲಿಳಿದು ಹೋದಳು.

ರೋಗ ಹಬ್ಬಿ ಊರೇ ಬಂದಾಗಿ ಬಾಲವಾಡಿಗೂ ಬೀಗ ಬಿದ್ದಿತ್ತು. ಬಣ್ಣ ಹೊಡೆಯಲು ಬೇರೆ ಊರಿಗೆ ಹೋದ ಗಂಡ, ಬಸ್ಸು ನಿಂತ ಮೇಲೆ ಅಲ್ಲೇ ಉಳಿದ. ಅವನ ಫೋನೂ ಸತ್ತಿತ್ತು. ನಾನು ಆಸ್ಪತ್ರೆಯ ಸೋಂಕಿನ ವಾರ್ಡಿನಲ್ಲಿ ನೆಲ ಒರೆಸುವವಳು. ಮನೆಯಲ್ಲಿ ಕೂತರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಒಲೆ ಆರುತ್ತದೆ.

ಮೊದಮೊದಲು ಮಗಳು ಕಿರುಚಿ ರಂಪ ಮಾಡುತ್ತಿದ್ದಳು. ಈಗ ನಾನು ಸೀರೆ ತುಂಡು ಎತ್ತಿಕೊಂಡರೆ ಸಾಕು, ತಾನೇ ಕಾಲು ಚಾಚುತ್ತಾಳೆ. ಆ ಚಾಚಿದ ಕಾಲು ನೋಡಿದರೆ ನನಗೆ ತಲೆ ಕೆಡುತ್ತದೆ. ಅತ್ತಿದ್ದರೇ ವಾಸಿಯಿತ್ತು.

ಆ ಬೆಳಗ್ಗೆ ಗಂಟು ಬಿದ್ದ ಮೇಲೂ ನನ್ನ ಕೈ ಸುಮ್ಮನಿರಲಿಲ್ಲ. ಮೇಲಕ್ಕೆ ಸರಿದು ಅವಳ ಕತ್ತಿನ ಹತ್ತಿರ ನಿಂತಿತು. ಇಬ್ಬರದೂ ಒಂದೇ ಸಲ ಮುಗಿಸಿಬಿಡೋಣ ಅನ್ನಿಸಿತು. ನಾನು ಕಚಗುಳಿ ಇಡಲು ಬಂದೆ ಅಂದುಕೊಂಡು ಅವಳು ಕಿಲಕಿಲ ನಕ್ಕಳು. ನಾನು ಎದ್ದೆನೋ ಬಿದ್ದೆನೋ ಅಂತ ಹೊರಗೋಡಿದೆ.

ಆಸ್ಪತ್ರೆಯ ಅಂಗಳದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಮನಸ್ಸಿನ ಡಾಕ್ಟರಮ್ಮ ಮೈಕು ಹಿಡಿದಿದ್ದರು. "ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೀರಿ. ಉಸಿರು ಒಳಗೆ... ಹೊರಗೆ..." ನಮಗೊಂದಷ್ಟು ಚಪ್ಪಾಳೆಯೂ ಬಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಅಮ್ಮಾ, ನನ್ ಕೈ ಕಂಡ್ರೆ ನಂಗೇ ಭಯ ಆಗ್ತಿದೆ. ಮಗೂಗೆ ಏನಾದ್ರೂ ಮಾಡ್ಬಿಡ್ತೀನಿ."

ಅವರು ಹಿಂದೆ ಸರಿದರು. "ದೂರ ನಿಂತು ಮಾತಾಡಮ್ಮ. ನಿಮ್ಮ ಸೂಪರ್‌ವೈಸರಿಗೆ ಹೇಳು."

ಅವನಿಗೂ ಹೇಳಿದೆ. ವಾರ್ಡಿನ ಕಡೆ ತಲೆಯನ್ನೂ ಹಾಕದ ಗಂಡಸು, ಗಾಜಿನ ಕೋಣೆಯಲ್ಲಿ ಫ್ಯಾನಿನಡಿ ಕೂತಿದ್ದ.

"ಮಕ್ಕಳನ್ನ ಬಿಡೋಕೆ ಒಂದು ರೂಮು ಕೊಡ್ಸಿ ಸಾರ್."

"ಹಡೆಯೋವಾಗ ನನ್ನ ಕೇಳಿದ್ಯೇನೇ, ಬಿಕನಾಸಿ? ನಿನ್ನಂಥೋರು ಗೇಟಲ್ಲಿ ಕ್ಯೂ ನಿಂತಿದಾರೆ. ನಡಿ, ಕೊನೇ ಬೆಡ್ಡೋನು ವಾಂತಿ ಮಾಡ್ಕೊಂಡಿದಾನೆ, ಒರೆಸೋಗು."

ಮಾರನೆಯ ಬೆಳಗ್ಗೆ ಮಗಳನ್ನು ಮಂಚಕ್ಕೆ ಕಟ್ಟಲಿಲ್ಲ. ನನ್ನ ಕೈಗಿಂತ ಆ ಸೂಪರ್‌ವೈಸರನ ಮೇಜೇ ವಾಸಿ ಅನ್ನಿಸಿತ್ತು. ಸೀರೆ ತುಂಡನ್ನು ಹೆಗಲಿಗೆ ಹಾಕಿ, ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಗಾಜಿನ ಬಾಗಿಲು ತಳ್ಳಿದೆ.

"ಏಯ್! ಹೊರಗೆ ಹೋಗೇ! ರೋಗ ತಂದ್ಬಿಟ್ಯಲ್ಲೇ!" ಅವನು ಕುರ್ಚಿ ಬಿಟ್ಟೆದ್ದು ಗೋಡೆಗೆ ಅಂಟಿಕೊಂಡ.

ಮಗಳನ್ನು ಅವನ ಮೇಜಿನ ಬುಡದಲ್ಲಿ ಕೂರಿಸಿದೆ. ಸೀರೆ ತುಂಡು ಕಂಡದ್ದೇ ತಡ, ಅವಳು ಕಾಲು ಚಾಚಿದಳು.

"ನೋಡೋ ಬೋಳಿಮಗನೆ, ಕಣ್ಣು ಬಿಟ್ಟು ನೋಡು," ಅನ್ನುತ್ತ ಮೇಜಿಗೆ ಗಂಟು ಬಿಗಿದೆ. ಚೀಲದಿಂದ ಚೊಂಬು, ಬನ್ನು, ಡಬ್ಬ ತೆಗೆದು ಅವನ ಫೈಲುಗಳ ಮೇಲಿಟ್ಟೆ. "ಉಚ್ಚೆ ಅಂದ್ರೆ ಡಬ್ಬ ಕೊಡು. ತಲೆ ಕೆಟ್ರೆ ಉಸಿರು ಒಳಗೆ ಎಳ್ಕೊ, ಹೊರಗೆ ಬಿಡು."

ಮಾಪು ಎತ್ತಿಕೊಂಡು ವಾರ್ಡಿನ ಕಡೆ ಹೊರಟೆ. ಹಿಂದೆ ಅವನು ಯಾರಿಗೋ ಫೋನು ಹಚ್ಚಿ ಕಿರುಚುತ್ತಿದ್ದ. ನಡುವೆ ಮಗಳ ದನಿ ಕೇಳಿಸಿತು. ಅವನನ್ನು ಸಮಾಧಾನ ಮಾಡುತ್ತಿದ್ದಳು.

"ಕಿರ್ಚಬೇಡ ಮಾವ. ಕಿರ್ಚಿದ್ರೂ ಯಾರೂ ಬರಲ್ಲ. ಸಂಜೆ ಅಮ್ಮ ಬಂದು ಬಿಚ್ತಾಳೆ."