ಚುನಾವಣೆಯ ಉಪಕಾರ

ಆ ಮನೆಯಲ್ಲಿ ಬೆಳಗಿನ ಹೊತ್ತು ಅಡುಗೆಮನೆಗಿಂತ ಹಜಾರದಲ್ಲೇ ಗದ್ದಲ ಹೆಚ್ಚು. ಹಿರಿಸೊಸೆ ನಗರಸಭೆಯ ಸದಸ್ಯೆ. ನಲ್ಲಿಯಲ್ಲಿ ನೀರಿಲ್ಲವೆಂದು, ಬೀದಿದೀಪ ಕೆಟ್ಟಿದೆಯೆಂದು ಜನ ಬಾಗಿಲಿಗೆ ಬರುತ್ತಿದ್ದರು. ಅವರನ್ನು ಕೂರಿಸಿ ಮಾತಾಡಿಸುವುದು ಮಾವನ ಕೆಲಸ. ಟೀ ಮಾಡಿ ಮಾಡಿ ಸಾಕಾಗುತ್ತಿದ್ದುದು ಕಿರಿಸೊಸೆಗೆ. "ಅಕ್ಕ, ಮುಂದಿನ ಸಲ ಟೀ ಪಾತ್ರೆನೇ ನಿಮ್ಮ ಚಿಹ್ನೆ ಮಾಡ್ಕೊಳ್ಳಿ" ಎಂದು ಅವಳು ನಗುತ್ತಿದ್ದಳು. ಅವಳ ಗಂಡ, ಮನೆಯ ಕಿರಿಮಗ, ಊರಂಚಿನ ಲಾಂಡ್ರಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆಸ್ಪತ್ರೆಗಳ ಹಾಸು ಹೊದಿಕೆಗಳೆಲ್ಲ ಅಲ್ಲಿಗೇ ಒಗೆತಕ್ಕೆ ಬರುತ್ತಿದ್ದವು.

ಆ ಕಾರ್ಖಾನೆಯ ಮಾಲೀಕರೇ ಹಿರಿಸೊಸೆಯ ಚುನಾವಣೆಯ ಖರ್ಚು ಹೊತ್ತವರು. ಓಡಾಡಲು ವ್ಯಾನು, ಗೋಡೆಗೆ ಪೋಸ್ಟರು, ಕಾರ್ಯಕರ್ತರಿಗೆ ಊಟ, ಎಲ್ಲ ಅವರದೇ. ಬದಲಿಗೆ ಏನನ್ನೂ ಕೇಳಿರಲಿಲ್ಲ. ಅವಳಿಗೆ ಆಗಲೇ ಇರಿಸುಮುರಿಸಾಗಿತ್ತು. ಮಾವ ಸಮಾಧಾನ ಹೇಳಿದ್ದರು: "ಕೈ ಬೀಸ್ಕೊಂಡು ಹೋದ್ರೆ ಗೆಲ್ಲೋಕಾಗುತ್ತೇನಮ್ಮ? ಎಲ್ರೂ ಮಾಡೋದು ಹೀಗೇ. ಕೊಡೋರು ಪ್ರೀತಿಯಿಂದ ಕೊಡ್ತಾರೆ." ಅವಳು ಒಪ್ಪಿಕೊಂಡಳು. ಗೆಲ್ಲುವ ಆಸೆ ಅವಳಿಗೂ ಇತ್ತು.

ಗೆದ್ದ ಮೇಲೆ ಸಭೆಯಲ್ಲೊಂದು ಚರ್ಚೆ ಎದ್ದಿತು. ನಿವೃತ್ತ ಮೇಷ್ಟ್ರೊಬ್ಬರು, ಅವರೂ ಸದಸ್ಯರೇ, ಒಂದು ನಿಯಮ ತರಬೇಕೆಂದು ಹಟ ಹಿಡಿದಿದ್ದರು. ಅಭ್ಯರ್ಥಿಗೆ ಯಾರು ಏನು ಕೊಟ್ಟರೆಂಬುದು ಊರಿಗೆಲ್ಲ ಗೊತ್ತಾಗಬೇಕು. ನಗರಸಭೆಯ ಲೈಸೆನ್ಸಿನಿಂದ ನಡೆಯುವ ಕಾರ್ಖಾನೆಗಳು ಏನೂ ಕೊಡಕೂಡದು. ಬೆಂಬಲ ಕೇಳಲು ಅವರು ಮನೆಗೂ ಬಂದರು.

"ಮಾಲೀಕರು ಕೆಟ್ಟೋರು ಅಂತ ನಾನು ಹೇಳ್ತಿಲ್ಲಮ್ಮ," ಎಂದರು. "ನಾಳೆ ಅವ್ರಿಗೆ ಇಲ್ಲ ಅನ್ನಬೇಕಾಗಿ ಬಂದ್ರೆ, ಆ ಮಾತು ನಿಮ್ಮ ಬಾಯಿಂದ ಹೊರಡುತ್ತಾ? ಅಷ್ಟೇ ಯೋಚ್ನೆ ಮಾಡಿ."

ಪಿಂಚಣಿ ಬರುವವರಿಗೆ ಇಂಥ ಮಾತು ಸುಲಭವೆಂದು ಮಾವ ನಕ್ಕು ತೇಲಿಸಿಬಿಟ್ಟರು. ಯೋಚಿಸುತ್ತೇನೆಂದು ಸೊಸೆ ಜಾರಿಕೊಂಡಳು.

ಮೇಷ್ಟ್ರು ಹೇಳಿದ ಸಂದರ್ಭ ಬೇಗನೆ ಬಂತು. ಬಾಯ್ಲರ್ ಹಳತಾಗಿದೆ, ತಕ್ಷಣ ನಿಲ್ಲಿಸಬೇಕೆಂದು ಲೈಸೆನ್ಸಿನ ತಪಾಸಣೆಗೆ ಬಂದಿದ್ದ ನಗರಸಭೆಯ ಇನ್ಸ್‌ಪೆಕ್ಟರ್ ಹೇಳಿದ್ದರು. ಹೊಸದು ಬರುವ ತನಕ ಹಳೆಯದನ್ನೇ ಓಡಿಸಲು ಬಿಡುವಂತೆ ಅವರಿಗೆ ಹೇಳಿ ಎಂದು ಮಾಲೀಕರು ಇವಳಿಗೆ ಫೋನ್ ಮಾಡಿದರು. ಗದರಲಿಲ್ಲ, ಮಾಡಿದ್ದನ್ನು ನೆನಪಿಸಲೂ ಇಲ್ಲ. ನೆನಪಿಸುವ ಅಗತ್ಯವೇ ಇರಲಿಲ್ಲ. ಅವಳು ಇನ್ಸ್‌ಪೆಕ್ಟರಿಗೆ, "ಸ್ವಲ್ಪ ನೋಡ್ಕೊಂಡು ಮಾಡಿ" ಎಂದಳು. ಅವರಿಗೆ ಅಷ್ಟೇ ಸಾಕಾಯಿತು, ಬಾಯ್ಲರ್ ನಿಲ್ಲಿಸಲಿಲ್ಲ.

ಹೊಸ ಬಾಯ್ಲರ್ ಬರಲಿಲ್ಲ. ಒಂದು ಮಧ್ಯಾಹ್ನ ಹಳೆಯದು ಸಿಡಿಯಿತು. ಮೈಯೆಲ್ಲ ಬೆಂದ ಮೈದುನ ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದಿದ್ದ. ಎಚ್ಚರವಾದಾಗಲೆಲ್ಲ ಜೊತೆಗಿದ್ದವರು ಉಳಿದರೇ ಎಂದು ಕೇಳುತ್ತಿದ್ದ. ಅವರು ಉಳಿದರು. ಅವನು ಉಳಿಯಲಿಲ್ಲ.

ಮಾಲೀಕರು ಮನೆಗೆ ಬಂದು ಅತ್ತರು. ಆ ಅಳು ನಾಟಕವಾಗಿರಲಿಲ್ಲ. ಹಿರಿಸೊಸೆಗೆ ಅದನ್ನು ನೋಡಲಾಗಲಿಲ್ಲ. ಅವರ ಮೇಲೆ ಸಿಟ್ಟಾಗುವ ಹಕ್ಕೂ ತನಗಿಲ್ಲವೆನಿಸಿ ಒಳಗೆ ಹೋದಳು.

ಬಂದವರೆಲ್ಲ ಚದುರಿದ ಮೇಲೆ ಓರಗಿತ್ತಿ ಅವಳೆದುರು ಬಂದು ಕೂತಳು.

"ಅಕ್ಕ, ಇನ್ಸ್‌ಪೆಕ್ಟರ್ ನಿಲ್ಲಿಸಿ ಅಂದಿದ್ರಂತೆ. ನೀವು ಅವ್ರಿಗೆ ಏನಂದ್ರಿ?"

ಮಾವ ಅಡ್ಡ ಬಾಯಿ ಹಾಕಿದರು: ಹಣೆಬರಹಕ್ಕೆ ಯಾರೇನು ಮಾಡೋಕಾಗುತ್ತೆ, ಎಲ್ಲರೂ ಹೀಗೇ ಮಾಡೋದು. ಆದರೆ ಮಾತನ್ನು ಅರ್ಧಕ್ಕೇ ಬಿಟ್ಟು ಮುಖ ಮುಚ್ಚಿಕೊಂಡರು. ಹೋದವನು ಅವರ ಮಗ.

"ಸ್ವಲ್ಪ ನೋಡ್ಕೊಂಡು ಮಾಡಿ ಅಂದೆ," ಎಂದಳು ಹಿರಿಸೊಸೆ.

ಓರಗಿತ್ತಿ ಎದ್ದು ಗಂಡನ ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಆಮೇಲೆ, "ನನ್ನ ಹತ್ರ ಹೇಳಿದ್ದನ್ನ ಸಭೇಲೂ ಹೇಳಿ" ಎಂದಳು.

ಮೇಷ್ಟ್ರ ನಿಯಮ ಮತಕ್ಕೆ ಬಂದ ದಿನ ಹಿರಿಸೊಸೆ ಸಭೆಯಲ್ಲಿ ಎದ್ದು ನಿಂತಳು. ತನ್ನನ್ನು ಗೆಲ್ಲಿಸಿದ ದುಡ್ಡು ಯಾರದು, ತಾನು ಯಾರಿಗೆ ಏನಂದೆ, ಅದರಿಂದ ಯಾರು ಸತ್ತರು ಎಂಬುದನ್ನೆಲ್ಲ ಹೇಳಿದಳು. "ಯಾರೂ ನನಗೆ ಲಂಚ ಕೊಡ್ಲಿಲ್ಲ. ಕೊಟ್ಟಿದ್ರೆ ಬೇಡ ಅಂತಿದ್ದೆ. ಇದು ಉಪಕಾರ. ಇದಕ್ಕೆ ಬೇಡ ಅನ್ನೋದು ಹೇಗೆ ಅಂತ ನನಗೆ ಗೊತ್ತಾಗ್ಲಿಲ್ಲ." ಸದಸ್ಯರು ತಲೆ ತಗ್ಗಿಸಿ ಕೇಳಿದರು. ಕೈ ಎತ್ತಿದವರು ಅವಳು, ಮೇಷ್ಟ್ರು, ಇನ್ನೊಬ್ಬರೋ ಇಬ್ಬರೋ. ನಿಯಮ ಬಿದ್ದುಹೋಯಿತು.

ಮನೆಗೆ ಬಂದಾಗ ಓರಗಿತ್ತಿ ತವರಿಗೆ ಹೊರಟು ನಿಂತಿದ್ದಳು. ಚೀಲ ಎತ್ತಿಕೊಂಡು ಇವಳು ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದಳು. ಕ್ಷಮೆ ಕೇಳುವ ಮುಖ ಇವಳಿಗಿರಲಿಲ್ಲ.

"ಮತ್ತೆ ತರ್ತೀರಾ ಆ ನಿಯಮಾನ?" ಎಂದು ಓರಗಿತ್ತಿ ಕೇಳಿದಳು.

"ತರ್ತೀನಿ. ಮುಂದಿನ ಚುನಾವಣೇಲಿ ಟಿಕೆಟ್ ಕೊಡದಿದ್ರೂ, ಸಭೆ ಹೊರಗೆ ನಿಂತಾದ್ರೂ ಕೇಳ್ತೀನಿ."

"ಆವತ್ತು ಹೇಳಿ ಕಳಿಸಿ, ನಾನೂ ಬಂದು ನಿಲ್ತೀನಿ. ನಿಮಗೋಸ್ಕರ ಅಲ್ಲ."

ಚೀಲ ಇಸಿದುಕೊಂಡು ಅವಳು ಬಸ್ಸು ಹತ್ತಿದಳು.