ದೋಣಿಯ ತುದಿಯಲ್ಲಿ ಅತ್ತೆ

ಒಲಿಂಪಿಕ್ಸ್‌ನಲ್ಲಿ ಎರಡು ಸಲ ಚಿನ್ನ ಗೆದ್ದ ಸ್ಮರಾಂಡಾ, ಡ್ಯಾನ್ಯೂಬ್ ನದಿ ಸಮುದ್ರ ಸೇರುವ ಕಡೆಯ ಒಂದು ಸಣ್ಣ ಕಾಲುವೆಯಲ್ಲಿ, ದೋಣಿಯನ್ನು ಮತ್ತೊಮ್ಮೆ ಜೊಂಡಿಗೆ ನುಗ್ಗಿಸಿ ಕೂತಿದ್ದಳು. ದಡದಲ್ಲಿ ಫೆವ್ರೋನಿಯಾ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು. ಅತ್ತೆಯಾಗಬೇಕಾದವಳು ಇವಳೇ, ಆಗುತ್ತಾಳೋ ಇಲ್ಲವೋ ದೇವರೇ ಬಲ್ಲ.

"ಏನಮ್ಮಾ ಚಾಂಪಿಯನ್ನು, ಬಾತುಕೋಳಿ ಮೊಟ್ಟೆ ಎಣಿಸ್ತಿದೀಯಾ?"

ಸ್ಮರಾಂಡಾ ಉತ್ತರದ ಗುಡ್ಡದ ಊರಿನವಳು. ಹದಿನಾರು ತುಂಬುವವರೆಗೆ ಅವಳು ಕಂಡ ದೊಡ್ಡ ನೀರೆಂದರೆ ದನ ಕುಡಿಯುವ ತೊಟ್ಟಿ. ಅವಳ ಎತ್ತರ ನೋಡಿ ಒಬ್ಬ ಕೋಚ್ ಕರೆದೊಯ್ದ. ಅಲ್ಲಿಂದ ಹದಿನೈದು ವರ್ಷ ಎಂಟು ಜನರ ದೋಣಿಯಲ್ಲಿ ಹುಟ್ಟು ಹಾಕಿದಳು, ಗುರಿಗೆ ಬೆನ್ನು ಮಾಡಿ ಕೂತು. ತಿರುಗಿ ನೋಡಿದರೆ ಬೈಗುಳದ ಮಳೆ. ದಾರಿ ನೋಡುವುದು ತುದಿಯಲ್ಲಿ ಕೂತ ಗಿಡ್ಡಿ ಸಾಂಡಾಳ ಕೆಲಸ. ಸಾಂಡಾ ಕೂಗುತ್ತಿದ್ದಳು, ಇವರು ಎಳೆಯುತ್ತಿದ್ದರು, ಗೆದ್ದಾಗ ಅವಳನ್ನೇ ಎತ್ತಿ ನೀರಿಗೆ ಎಸೆಯುತ್ತಿದ್ದರು. ಅದು ಗೆದ್ದವರ ಪದ್ಧತಿ. ಈಗ ಆಟದಿಂದ ನಿವೃತ್ತಿಯಾಗಿತ್ತು. ಕೊರಳಿಗೆ ಚಿನ್ನ ಬಂದಿತ್ತು, ಕತ್ತು ಮಾತ್ರ ಹಿಂದಕ್ಕೆ ತಿರುಗುವುದನ್ನು ಮರೆತಿತ್ತು.

ಫೆವ್ರೋನಿಯಾಳದು ಒಂದೇ ಮಾತು. "ಇಲ್ಲಿ ರೊಟ್ಟಿ ತರೋಕೂ ದೋಣಿ, ಹೆರಿಗೆ ನೋವು ಬಂದ್ರೂ ದೋಣಿ. ಭಾನುವಾರದ ಹೆಂಗಸರ ದೋಣಿ ಓಟದಲ್ಲಿ ಜೊಂಡಿಗೆ ಸಿಕ್ಕಿಹಾಕ್ಕೊಳ್ದೆ ಬಾ. ಆಮೇಲೆ ಮದುವೆ ಮಾತು."

ಮಗ ಲಾರಿಯೋನ್ ಮೀನು ಹಿಡಿಯುವುದರಲ್ಲಿ ಹುಲಿ, ಅಮ್ಮನ ಮುಂದೆ ಇಲಿ. ಆದರೂ ಸ್ಮರಾಂಡಾಳಿಗೆ ಅವನೇ ಬೇಕು. ಅವನಿಲ್ಲದ ಬಾಳನ್ನು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಶನಿವಾರ ಫೆವ್ರೋನಿಯಾಳ ಜೊತೆ ಮೀನುಸಾರಿನ ಮುಂದೆ ಕೂತಾಗ ಅವಳಿಗೆ ಫಕ್ಕನೆ ಹೊಳೆಯಿತು.

"ಓಟದಲ್ಲಿ ದೋಣೀಲಿ ಇನ್ನೊಬ್ರು ಕೂರಬಾರ್ದು ಅಂತ ಇದೆಯಾ?"

"ಹಂಗೇನಿಲ್ಲ. ಸುಮ್ನೆ ಭಾರ ಹೊರೋ ದಡ್ಡಿ ಯಾರಿದಾಳೆ?"

"ನಾನಿದೀನಿ. ನೀವು ನನ್ನ ದೋಣೀಲಿ ಕೂತು ದಾರಿ ಹೇಳಿ."

"ಅಯ್ಯೋ! ಪರೀಕ್ಷೆ ಇಟ್ಟೋಳ ಕೈಲೇ ಉತ್ತರ ಬರೆಸ್ತೀಯಾ, ಕಳ್ಳಿ!"

"ಬೇಡ ಬಿಡಿ. ಹೇಗೂ ಈ ಸಲಾನೂ ಅನಿಸ್ಯಾನೇ ಗೆಲ್ತಾಳಂತೆ."

ಫೆವ್ರೋನಿಯಾಳ ಚಮಚ ಅಲ್ಲೇ ನಿಂತಿತು. ಭುಜ ಸೋಲುವವರೆಗೆ ಈ ಕಾಲುವೆಯ ರಾಣಿ ಅವಳೇ. ಆಮೇಲೆ ಗೆಲ್ಲುತ್ತಿದ್ದವಳು ಎದುರು ದಡದ ಅನಿಸ್ಯಾ. ಗೆದ್ದಾಗಲೆಲ್ಲ ಇವಳ ಕಿಟಕಿಯ ಕೆಳಗೇ ಹಾಡುತ್ತ ಹೋಗುತ್ತಿದ್ದಳು.

"ಬೆಳಿಗ್ಗೆ ಬೇಗ ಏಳು," ಎಂದಳು ಫೆವ್ರೋನಿಯಾ.

ಭಾನುವಾರ ಅತ್ತೆ ಸೊಸೆಗೆ ಎದುರಾಗಿ ಕೂತಳು. ಮೊದಲ ತಿರುವಿನಲ್ಲೇ ಎಡವಟ್ಟು.

"ಎಡಕ್ಕೆ! ಎಡಕ್ಕೇ!"

"ಯಾರ ಎಡ?"

"ನಂದು! ಅಲ್ಲ, ನಿಂದು! ಥೂ, ಎಡಾನೂ ಬೇಡ ಬಲಾನೂ ಬೇಡ. ಚರ್ಚಿನ ಕಡೆ ಎಳಿ!"

ಜೊಂಡು ದೋಣಿಗೆ ತಾಗುವುದೊಂದು ಬಾಕಿಯಿತ್ತು. ದೋಣಿ ತಿರುಗಿ ನಡುನೀರಿಗೆ ಬಂತು. ಒಂದು ದಡದಲ್ಲಿ ಚರ್ಚು, ಇನ್ನೊಂದರಲ್ಲಿ ಹೆಂಡದಂಗಡಿ. ಮುಂದೆ ಎಲ್ಲ ಸಲೀಸು. "ಚರ್ಚು! ಈಗ ಹೆಂಡದಂಗಡಿ! ಮತ್ತೆ ಚರ್ಚು! ಎಳಿಯೇ, ಅನಿಸ್ಯಾನ ದೋಣಿ ಕಾಣ್ತಿದೆ!" ಸ್ಮರಾಂಡಾ ಕಣ್ಣು ಮುಚ್ಚಿ ಎಳೆದಳು. ಹಳೆಯ ಸುಖವೆಲ್ಲ ತೋಳಿಗೆ ಮರಳಿತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಅನಿಸ್ಯಾಳ ಕೆಂಪೇರಿದ ಮುಖವೇ ಪಕ್ಕಕ್ಕೆ ಬಂದು ಹಿಂದೆ ಸರಿಯಿತು. ಫೆವ್ರೋನಿಯಾ ಅವಳ ಕಡೆ ತಿರುಗಿ, ಬೇಕೆಂದೇ, ಅವಳದೇ ಹಾಡು ಹಾಡಿದಳು.

ಗೆದ್ದರು. ಊರೆಲ್ಲ ದಡದಲ್ಲಿ ಕುಣಿಯುತ್ತಿತ್ತು. ಸ್ಮರಾಂಡಾ ಆನಂದದಿಂದ ಅಳುತ್ತ ಎದ್ದು ಅತ್ತೆಯನ್ನು ತಬ್ಬಿಕೊಂಡಳು, ಎರಡೂ ಕೈಯಲ್ಲಿ ಎತ್ತಿದಳು, ಹದಿನೈದು ವರ್ಷದ ಅಭ್ಯಾಸದಂತೆ ನೀರಿಗೆ ಎಸೆದೇಬಿಟ್ಟಳು.

ಊರಿನ ಕುಣಿತ ಥಟ್ಟನೆ ನಿಂತಿತು. ಲಾರಿಯೋನ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ನೀರ ಮೇಲೆ ತಲೆವಸ್ತ್ರ ಮಾತ್ರ ತೇಲುತ್ತಿತ್ತು.

"ಅದು... ಗೆದ್ದೋರ ಪದ್ಧತಿ..." ಎಂದು ಸ್ಮರಾಂಡಾ ತೊದಲಿದಳು.

ಫೆವ್ರೋನಿಯಾ ಮೇಲೆದ್ದಳು, ಬಾಯಿಯ ನೀರು ಉಗುಳಿದಳು, ಮಗನತ್ತ ಕೂಗಿದಳು:

"ಏನೋ ಪೆದ್ದನ ಹಂಗೆ ನಿಂತಿದೀಯಾ? ಹೋಗಿ ಪಾದ್ರಿಗೆ ಹೇಳು, ಮದುವೆ ಬೇಗ ಮಾಡಿಸ್ಲಿ. ಮುಂದಿನ ವರ್ಷಾನೂ ನನ್ನ ನೀರಿಗೆ ಎಸೆಯೋಕೆ ಸೊಸೆ ಬೇಕು!"